ಆ ಒಂದು ಪ್ರಶ್ನೆ ಕೇಳೋಕೆ ನಮಗೇನು ಸಂಕೋಚ? ಆಸ್ಟ್ರೇಲಿಯಾದ ಕನ್ನಡಿಗ ಡಾಕ್ಟರು, ನರ್ಸುಗಳಿಗೊಂದು ಬಹಿರಂಗ ಪತ್ರ

ಆಸ್ಟ್ರೇಲಿಯಾದ ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ ದುಡಿಯುತ್ತಿರುವ ಕನ್ನಡಿಗ ಡಾಕ್ಟರುಗಳೇ, ನರ್ಸುಗಳೇ, ರಿಸೆಪ್ಷನ್‌ನಲ್ಲಿ ಕೂತು ದಿನವಿಡೀ ಫೋನ್ ಎತ್ತುವ ಅಕ್ಕತಂಗಿಯರೇ,

ನಮಸ್ಕಾರ. ನಾನು ಹರಿಹರದವಳು. ಈಗ ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದ ಕಡೆ ಒಂದೂರಿನಲ್ಲಿ ಕ್ಲಿನಿಕ್ ನರ್ಸ್. ಊರ ಹೆಸರು ಬೇಡ, ಹೇಳಿದರೆ ಯಾರು ಬರೆದದ್ದು ಅಂತ ನಾಳೆ ಬೆಳಿಗ್ಗೆ ಹೊತ್ತಿಗೆ ಗೊತ್ತಾಗುತ್ತದೆ, ಅಷ್ಟು ಚಿಕ್ಕ ಊರು. ಇಂಗ್ಲಿಷಿನಲ್ಲಿ ಬರಿ, ಜಾಸ್ತಿ ಜನ ಓದುತ್ತಾರೆ ಅಂತ ನಮ್ಮನೆಯವರು ಹೇಳಿದರು. ಆದರೆ ನಾನು ಹೇಳಬೇಕಾದ್ದು ನಮ್ಮವರಿಗೆ, ಒಂದು ಲಸಿಕೆಯ ಬಗ್ಗೆ, ರೋಗಿಗಳಿಗೆ ನಾವು ಕೇಳದೇ ಬಿಡುವ ಒಂದು ಪ್ರಶ್ನೆಯ ಬಗ್ಗೆ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ಹಿಂದೆ ಬೇರೆ ಒಂದು ಕ್ಲಿನಿಕ್ಕಿನಲ್ಲಿದ್ದೆ. ಅಲ್ಲಿಗೆ ಒಬ್ಬರು ಲಾರಿ ಡ್ರೈವರ್ ಬರುತ್ತಿದ್ದರು. ಐವತ್ತು ದಾಟಿದವರು, ಬಿಳಿ ಮೈಬಣ್ಣ, ಕೆಂಚು ಕೂದಲು. ಪ್ರತಿವರ್ಷ ಏಪ್ರಿಲ್‌ನಲ್ಲಿ ಫ್ಲೂ ಇಂಜೆಕ್ಷನ್ ನನ್ನ ಕೈಯಲ್ಲೇ. ನಾಲ್ಕು ವರ್ಷ ಹಾಕಿದ್ದೇನೆ. ಮಳೆ ಬಂತಾ, ಫುಟಿ ಮ್ಯಾಚ್ ಏನಾಯಿತು, ನಾಯಿಯ ಮಂಡಿ ಆಪರೇಷನ್ ಹೇಗಾಯಿತು, ಎಲ್ಲ ಕೇಳಿದ್ದೇನೆ. ಐದನೇ ವರ್ಷ ಚಳಿಗಾಲದಲ್ಲಿ ಅವರಿಗೆ ನಿಮೋನಿಯಾ ಆಗಿ, ಅದು ರಕ್ತಕ್ಕೂ ಇಳಿದು, ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಡಿಸ್ಚಾರ್ಜ್ ಪತ್ರ ನಮಗೆ ಬಂತು. ಮೊದಲ ಪುಟದಲ್ಲೇ ಬರೆದಿತ್ತು: ರೋಗಿ ಅಬಾರಿಜಿನಲ್ ಮೂಲದವರು, ಅಂದರೆ ಈ ನೆಲದ ಮೂಲನಿವಾಸಿಗಳು. ನಮ್ಮ ಕಂಪ್ಯೂಟರ್‌ನಲ್ಲಿ ಆ ಜಾಗ ಖಾಲಿ.

ಖಾಲಿ ಅಂದರೆ ಖಾಲಿ. ಯಾರೂ ಕೇಳಿರಲಿಲ್ಲ. ನಾಯಿಯ ಮಂಡಿ ಬಗ್ಗೆ ಕೇಳಿದ ನಾನೂ ಕೇಳಿರಲಿಲ್ಲ.

ಇದರಲ್ಲೇನು ಅಷ್ಟು ದೊಡ್ಡ ವಿಷಯ ಅಂತ ಅನ್ನಿಸಬಹುದು. ವಿಷಯ ಇಷ್ಟು: ನಿಮೋನಿಯಾ ತರುವ ಒಂದು ಬ್ಯಾಕ್ಟೀರಿಯಾವನ್ನು ತಡೆಯುವ ನ್ಯುಮೋಕಾಕಲ್ ಲಸಿಕೆ ಇಲ್ಲಿ ಸರ್ಕಾರದಿಂದ ಪುಕ್ಕಟೆ. ಆದರೆ 2020ರ ಜುಲೈ 1ರಂದು ಬಂದ ಪಟ್ಟಿಯ ಪ್ರಕಾರ, ಬೇರೆ ಕಾಯಿಲೆ ಏನೂ ಇಲ್ಲದ ಸಾಮಾನ್ಯ ಮನುಷ್ಯನಿಗೆ ಅದು ಸಿಗೋದು 70 ವರ್ಷಕ್ಕೆ, ಒಂದೇ ಸೂಜಿ. ಅಬಾರಿಜಿನಲ್ ಅಥವಾ ದೇಶದ ಉತ್ತರ ತುದಿಯ ಟಾರೆಸ್ ಜಲಸಂಧಿಯ ದ್ವೀಪಗಳ ಮೂಲದವರಾದರೆ 50ಕ್ಕೇ ಶುರು, ಮತ್ತು ಮೂರು ಸೂಜಿ. ಮೊದಲು 13 ಬಗೆಯದ್ದು, ಸುಮಾರು ಒಂದು ವರ್ಷ ಬಿಟ್ಟು 23 ಬಗೆಯದ್ದು, ಆಮೇಲೆ ಕನಿಷ್ಠ ಐದು ವರ್ಷ ಬಿಟ್ಟು 23ರದ್ದೇ ಇನ್ನೊಂದು. ಇಬ್ಬರ ನಡುವೆ ಇಪ್ಪತ್ತು ವರ್ಷದ ವ್ಯತ್ಯಾಸ. ಆ ಇಪ್ಪತ್ತು ವರ್ಷ ನಿಂತಿರೋದು ಫಾರ್ಮಿನಲ್ಲಿರುವ ಒಂದೇ ಒಂದು ಪ್ರಶ್ನೆಯ ಮೇಲೆ. (ಪಟ್ಟಿ ಆಗಾಗ ಬದಲಾಗುತ್ತದೆ, ಹೆಚ್ಚು ಬಗೆಗಳನ್ನು ತಡೆಯುವ ಹೊಸ ಲಸಿಕೆಗಳು ಬರುತ್ತಲೇ ಇವೆ. ಸೂಜಿ ಹಾಕುವ ಮುಂಚೆ ಇವತ್ತಿನ ಇಮ್ಯುನೈಸೇಷನ್ ಹ್ಯಾಂಡ್‌ಬುಕ್ ನೋಡಿಕೊಳ್ಳಿ, ನನ್ನ ಪತ್ರ ನೋಡಿ ಹಾಕಬೇಡಿ.)

ಈ ಹದಿಮೂರು, ಇಪ್ಪತ್ಮೂರು ಏನು ಅಂತ ಮೆಡಿಕಲ್ ಲೈನಿನಲ್ಲಿ ಇಲ್ಲದವರಿಗೆ ಎರಡು ಮಾತು. ನ್ಯುಮೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ನಮ್ಮ ಮೂಗು, ಗಂಟಲಲ್ಲಿ ಸುಮ್ಮನೆ ಇದ್ದುಬಿಡುತ್ತದೆ, ಚಿಕ್ಕ ಮಕ್ಕಳಲ್ಲಂತೂ ತುಂಬಾ. ಅದು ಮೈಮೇಲೆ ಸಕ್ಕರೆ ಅಂಶದ ಒಂದು ಅಂಗಿ ತೊಟ್ಟಿರುತ್ತದೆ. ಆ ಅಂಗಿಯಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ. 13 ಅಂದರೆ ಹದಿಮೂರು ಬಗೆಯ ಅಂಗಿಯನ್ನು ದೇಹಕ್ಕೆ ಗುರುತು ಹಿಡಿಸುವ ಲಸಿಕೆ. ಅದರಲ್ಲಿ ಸಕ್ಕರೆಗೆ ಒಂದು ಪ್ರೋಟೀನ್ ಅಂಟಿಸಿರುತ್ತಾರೆ, ಅದಕ್ಕೇ ಎರಡು ತಿಂಗಳ ಕೂಸಿನ ದೇಹವೂ ನೆನಪಿಟ್ಟುಕೊಳ್ಳುತ್ತದೆ. 23ರಲ್ಲಿ ಬರೀ ಸಕ್ಕರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ನಾಟುವುದಿಲ್ಲ, ದೊಡ್ಡವರಲ್ಲೂ ವರ್ಷ ಕಳೆದ ಹಾಗೆ ಬಲ ಕಡಿಮೆಯಾಗುತ್ತದೆ. ಇದೇ ಬ್ಯಾಕ್ಟೀರಿಯಾ ಕಿವಿಗೆ ಹೋದರೆ ಕಿವಿ ಸೋರುತ್ತದೆ, ಎದೆಗೆ ಇಳಿದರೆ ನಿಮೋನಿಯಾ, ರಕ್ತಕ್ಕೋ ಮಿದುಳಿನ ಪೊರೆಗೋ ಹೋದರೆ ಜೀವಕ್ಕೇ ಅಪಾಯ.

ಮತ್ತೆ 50 ಯಾಕೆ, 70 ಯಾಕಲ್ಲ? "ಅವರಿಗೆ ಮಾತ್ರ ಯಾಕೆ ಸ್ಪೆಷಲ್" ಅನ್ನೋ ಮಾತನ್ನು ನಮ್ಮವರ ಪಾರ್ಟಿಗಳಲ್ಲಿ ಕೇಳಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ. ಇದು ಉಪಕಾರ ಅಲ್ಲ, ರೋಗದ ಲೆಕ್ಕ. 1980ರ ದಶಕದಲ್ಲಿ ದೇಶದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಸುತ್ತಮುತ್ತ ಎರಡು ವರ್ಷದೊಳಗಿನ ಅಬಾರಿಜಿನಲ್ ಮಕ್ಕಳಲ್ಲಿ ರಕ್ತಕ್ಕೆ ಇಳಿಯುವ ನ್ಯುಮೋಕಾಕಲ್ ಸೋಂಕು ವರ್ಷಕ್ಕೆ ಲಕ್ಷಕ್ಕೆ 2000ದ ಲೆಕ್ಕದಲ್ಲಿತ್ತು. ಅಂದರೆ ನೂರು ಮಕ್ಕಳಲ್ಲಿ ಇಬ್ಬರಿಗೆ, ಪ್ರತಿವರ್ಷ! ಜಗತ್ತಿನಲ್ಲಿ ಅಲ್ಲಿಯವರೆಗೆ ದಾಖಲಾದ ಅತಿ ಹೆಚ್ಚಿನ ಲೆಕ್ಕಗಳಲ್ಲಿ ಅದೂ ಒಂದು. ದೊಡ್ಡವರಲ್ಲೂ ಅಷ್ಟೇ, ಬೇರೆಯವರಿಗೆ ಎಪ್ಪತ್ತರಲ್ಲಿ ಬರುವ ಅಪಾಯ ಇವರಿಗೆ ಎಷ್ಟೋ ವರ್ಷ ಮುಂಚೆಯೇ ಬರುತ್ತದೆ. ರಕ್ತದಲ್ಲೇ ಏನೋ ದೋಷ ಇದೆ ಅಂತಲ್ಲ. ಮೂರು ಕೋಣೆಯ ಮನೆಯಲ್ಲಿ ಹನ್ನೆರಡು ಜನ ಮಲಗಬೇಕಾದರೆ, ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಮೂವತ್ತು ನಲವತ್ತಕ್ಕೇ ಹಿಡಿದರೆ, ಜೊತೆಗೆ ಸಿಗರೇಟು ಇದ್ದರೆ, ಯಾರ ಎದೆಯಾದರೂ ಅಷ್ಟೇ. ನಮ್ಮ ಎದೆಯಾದರೂ ಅಷ್ಟೇ.

ಈಗ ಲಸಿಕೆ ಎಷ್ಟು ಜನಕ್ಕೆ ತಲುಪಿದೆ ಅನ್ನೋ ವಿಷಯಕ್ಕೆ ಬರೋಣ. ನನಗೆ ಸಿಟ್ಟು ಬರೋದು ಇಲ್ಲೇ.

"ಆ ಜನ ಲಸಿಕೆಗೆ ಬರೋದೇ ಇಲ್ಲ" ಅಂತ ಒಂದು ಮಾತಿದೆ. ಓದಿದವರೇ ಹೇಳುತ್ತಾರೆ. ಸರಿ, ಮಕ್ಕಳ ಲೆಕ್ಕ ತೆಗೆದು ನೋಡಿ. 2020ರಲ್ಲಿ ಐದು ವರ್ಷದ ಮಕ್ಕಳಲ್ಲಿ ಆ ವಯಸ್ಸಿಗೆ ಲೆಕ್ಕ ಹಿಡಿಯುವ ಲಸಿಕೆಗಳನ್ನು ಪೂರ್ತಿ ಹಾಕಿಸಿಕೊಂಡವರು ದೇಶದಲ್ಲಿ ನೂರಕ್ಕೆ 95. ಅಬಾರಿಜಿನಲ್ ಮತ್ತು ಟಾರೆಸ್ ದ್ವೀಪದ ಮಕ್ಕಳನ್ನು ಮಾತ್ರ ತೆಗೆದುಕೊಂಡರೆ ನೂರಕ್ಕೆ 97. ಹೌದು, ಅವರೇ ಮುಂದೆ. ಇದು ನ್ಯುಮೋಕಾಕಲ್ ಒಂದರ ಲೆಕ್ಕ ಅಲ್ಲ, ಮತ್ತು ಕೋವಿಡ್ ಆದಮೇಲೆ ಎರಡೂ ಕಡೆ ಇಳಿದಿದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ವರ್ಷದ ಮಕ್ಕಳ ಲೆಕ್ಕದಲ್ಲಿ ಅಬಾರಿಜಿನಲ್ ಮಕ್ಕಳು ಸ್ವಲ್ಪ ಹಿಂದೆಯೇ ಇರುತ್ತಾರೆ, ಯಾಕೆಂದರೆ ಸೂಜಿ ತಡವಾಗುತ್ತದೆ. ಕೂಸಿಗೆ ಅಪಾಯ ಜಾಸ್ತಿ ಇರೋದೂ ಆ ಮೊದಲ ತಿಂಗಳುಗಳಲ್ಲೇ, ಹಾಗಾಗಿ ತಡ ಅನ್ನೋದು ಚಿಕ್ಕ ವಿಷಯ ಅಲ್ಲ. ಆದರೂ ಬರುತ್ತಾರೆ. ಇನ್ನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಮಗು ಕರೆದುಕೊಂಡು ಬಂದ ಅಜ್ಜಿಯಂದಿರನ್ನು ನಾನೇ ನೋಡಿದ್ದೇನೆ.

ಅದೇ ಅಜ್ಜಿಯ ತೋಳಿಗೆ ಸೂಜಿ ಬಿದ್ದಿದೆಯಾ? 2012-13ರ ಸರ್ಕಾರಿ ಸಮೀಕ್ಷೆಯಲ್ಲಿ 50 ದಾಟಿದ ಅಬಾರಿಜಿನಲ್ ಮತ್ತು ಟಾರೆಸ್ ದ್ವೀಪದ ಜನರಲ್ಲಿ ಹಿಂದಿನ ಐದು ವರ್ಷದೊಳಗೆ ನಿಮೋನಿಯಾ ಲಸಿಕೆ ಹಾಕಿಸಿಕೊಂಡವರು ನೂರಕ್ಕೆ 29. ಫ್ಲೂ ಲಸಿಕೆ ಆ ವರ್ಷ ಹಾಕಿಸಿಕೊಂಡವರು ನೂರಕ್ಕೆ 57. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಅದೇ ಕುರ್ಚಿಯಲ್ಲಿ, ಅದೇ ತೋಳು ಕೊಟ್ಟು ಕೂತಿದ್ದರು. ಅವರಲ್ಲಿ ಎಷ್ಟೋ ಜನರಿಗೆ ನಾವು ಒಂದು ಹಾಕಿ ಕಳಿಸಿದೆವು. ನನ್ನ ಲಾರಿ ಡ್ರೈವರಿಗೆ ನಾನು ಮಾಡಿದ ಹಾಗೇ.

ಅಬಾರಿಜಿನಲ್ ಅಲ್ಲದವರ ಕಥೆಯೂ ಏನು ಚಿನ್ನದಂಥದ್ದಲ್ಲ. 2009ರ ಸಮೀಕ್ಷೆಯಲ್ಲಿ ದೇಶದಲ್ಲಿ 65 ದಾಟಿದವರಲ್ಲಿ ಈ ಲಸಿಕೆ ಹಾಕಿಸಿಕೊಂಡಿದ್ದವರು ನೂರಕ್ಕೆ 54, ಫ್ಲೂದು 75ರ ಹತ್ತಿರ. ಈ 54ನ್ನೂ ಆ 29ನ್ನೂ ಪಕ್ಕಪಕ್ಕ ಇಟ್ಟು ತಕ್ಕಡಿಯಲ್ಲಿ ತೂಗಬೇಡಿ, ವಯಸ್ಸು ಬೇರೆ, ಕೇಳಿದ ರೀತಿ ಬೇರೆ. ಎರಡರಿಂದಲೂ ಗೊತ್ತಾಗೋದು ಒಂದೇ, ದೊಡ್ಡವರಿಗೆ ಈ ಲಸಿಕೆಯನ್ನು ನೆನಪಿಸುವವರು ಯಾರೂ ಇಲ್ಲ. ಫ್ಲೂಗೆ ಪ್ರತಿವರ್ಷ ಜಾಹೀರಾತು ಇದೆ, ಏಪ್ರಿಲ್ ಬಂದರೆ ಸಾಕು. ಇದಕ್ಕೆ ಸೀಸನ್ನೇ ಇಲ್ಲ.

ಮಕ್ಕಳಿಗೆ ಯಾಕೆ ತಲುಪಿತು? ಯಾರೋ ಕೂತು ಕೆಲಸ ಮಾಡಿದ್ದಕ್ಕೆ. ಪ್ರೋಟೀನ್ ಅಂಟಿಸಿದ ಮೊದಲ ನ್ಯುಮೋಕಾಕಲ್ ಲಸಿಕೆ, ಅಂದರೆ ಏಳು ಬಗೆಯದ್ದು, 2001ರಲ್ಲಿ ಇಲ್ಲಿಗೆ ಬಂದಾಗ ಅದನ್ನು ಮೊದಲು ಕೊಟ್ಟದ್ದೇ ಅಬಾರಿಜಿನಲ್ ಮಕ್ಕಳಿಗೆ ಮತ್ತು ಅಪಾಯ ಹೆಚ್ಚಿದ್ದ ಬೇರೆ ಮಕ್ಕಳಿಗೆ. ಎಲ್ಲ ಮಕ್ಕಳಿಗೂ ಸಿಕ್ಕಿದ್ದು 2005ಕ್ಕೆ. ಮಕ್ಕಳಿಗೆ ಅಂತಲೇ ದೇಶಕ್ಕೆಲ್ಲ ಒಂದು ಲಸಿಕೆ ರಿಜಿಸ್ಟರ್ 1996ರಿಂದ ಇತ್ತು. ನಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ 2012ರಿಂದ ಅಬಾರಿಜಿನಲ್ ಮಕ್ಕಳ ಲಸಿಕೆಗೆ ಅಂತಲೇ ಕೆಲಸಗಾರರನ್ನು ಇಟ್ಟರು. ಸೂಜಿ ಡ್ಯೂ ಆಗುವ ಮುಂಚೆಯೇ ಮನೆಗೆ ಫೋನ್ ಮಾಡುವುದು ಅವರ ಕೆಲಸ. ನಮ್ಮೂರಿನಲ್ಲಿ ಆಶಾ ಕಾರ್ಯಕರ್ತೆಯರು ತಾಯಿ ಕಾರ್ಡ್ ಹಿಡಿದುಕೊಂಡು "ನಾಳೆ ಗುರುವಾರ, ಮಗುವನ್ನ ಕರ್ಕೊಂಡು ಬಾರವ್ವ" ಅಂತ ಬಾಗಿಲಿಗೆ ಬರುವುದಿಲ್ಲವಾ, ಹಾಗೆ. ಕರೆದರು, ಜನ ಬಂದರು.

ದೊಡ್ಡವರಿಗೆ ರಿಜಿಸ್ಟರ್ ತೆರೆದದ್ದು 2016ರಲ್ಲಿ. ಹಾಕಿದ ಸೂಜಿಯನ್ನು ಅದರಲ್ಲಿ ಬರೆಯಲೇಬೇಕು ಅಂತ ಕಾನೂನಾದದ್ದು 2021ರಲ್ಲಿ. ಹಾಗಾಗಿ ಹಳೆಯ ಸೂಜಿಗಳು ಎಷ್ಟೋ ದಾಖಲೆಯಲ್ಲೇ ಇಲ್ಲ, ಹಾಕುವ ಮುಂಚೆ ಬಾಯಲ್ಲೂ ಕೇಳಿ, ಹಳೇ ಫೈಲೂ ನೋಡಿ. ಇನ್ನೊಂದು ತಮಾಷೆ ಇದೆ, ನಗು ಬರದ ತಮಾಷೆ. ರಿಜಿಸ್ಟರಿಗೆ ಯಾರು ಅಬಾರಿಜಿನಲ್ ಅಂತ ಗೊತ್ತಾಗೋದು ಹೆಚ್ಚಾಗಿ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ಬರೆಸಿದ್ದರೆ, ಇಲ್ಲವೇ ನಾವು ಬರೆದು ಕಳಿಸಿದರೆ. ಇಲ್ಲಿನ ಲಸಿಕೆ ವರದಿಗಳಲ್ಲಿ ಆ ಜಾಗ ಖಾಲಿ ಇದ್ದವರನ್ನು "ಅಬಾರಿಜಿನಲ್ ಅಲ್ಲದವರು" ಅನ್ನೋ ಗುಂಪಿಗೆ ಸೇರಿಸುವುದು ರೂಢಿ. ಅಂದರೆ ನನ್ನ ಲಾರಿ ಡ್ರೈವರಿಗೆ ಸೂಜಿಯೂ ಸಿಗಲಿಲ್ಲ, ಸಿಗದೇ ಇದ್ದದ್ದು ಲೆಕ್ಕಕ್ಕೂ ಬರಲಿಲ್ಲ.

ಈಗ ನಮ್ಮ ವಿಷಯ. ಇದನ್ನು ಕನ್ನಡದಲ್ಲಿ ಬರೆದದ್ದು ಇದಕ್ಕೇ.

ಹೊರದೇಶದಲ್ಲಿ ಓದಿ ಬಂದ ಡಾಕ್ಟರು ಸಾಮಾನ್ಯವಾಗಿ ಹತ್ತು ವರ್ಷ ಡಾಕ್ಟರುಗಳ ಕೊರತೆ ಇರುವ ಜಾಗದಲ್ಲೇ ಕೆಲಸ ಮಾಡಬೇಕು, ಇಲ್ಲದಿದ್ದರೆ ಮೆಡಿಕೇರ್ ದುಡ್ಡು ಬರುವುದಿಲ್ಲ. ಆ ಹತ್ತು ವರ್ಷದ ಗೋಳು ನಿಮಗೇ ಗೊತ್ತು. ಅದರಿಂದಲೇ ಬೆಂಗಳೂರು, ಮೈಸೂರು, ದಾವಣಗೆರೆಯ ಮೆಡಿಕಲ್ ಕಾಲೇಜುಗಳಲ್ಲಿ ಓದಿದವರು ಇವತ್ತು ಇಲ್ಲಿನ ಒಳನಾಡಿನ ಊರುಗಳಲ್ಲಿ ಕೂತಿದ್ದೀರಿ. ಅಬಾರಿಜಿನಲ್ ಜನ ಬರುವುದು ನಿಮ್ಮ ಹತ್ತಿರವೇ. ಮರುಭೂಮಿಯಲ್ಲಿ ಎಲ್ಲೋ ದೂರ ಇರುತ್ತಾರೆ ಅಂದುಕೊಂಡಿದ್ದರೆ ಬಿಟ್ಟುಬಿಡಿ. 2021ರ ಜನಗಣತಿಯಲ್ಲಿ 8,12,728 ಜನ ತಾವು ಅಬಾರಿಜಿನಲ್ ಅಥವಾ ಟಾರೆಸ್ ದ್ವೀಪದವರು ಅಂತ ಹೇಳಿದರು. ಅವರಲ್ಲಿ ಮೂರರಲ್ಲಿ ಒಬ್ಬರು ಇರೋದು ನ್ಯೂ ಸೌತ್ ವೇಲ್ಸ್‌ನಲ್ಲಿ. ಅವರು ನಿಮ್ಮ ವೇಟಿಂಗ್ ರೂಮಿನಲ್ಲಿದ್ದಾರೆ. ನೋಡಿದರೆ ಗೊತ್ತಾಗುವುದಿಲ್ಲ.

ಆದರೆ ನಾವು ಕೇಳುವುದಿಲ್ಲ. ಯಾಕೆ ಅಂತ ನಾನು ತುಂಬಾ ಯೋಚಿಸಿದೆ. ಸೋಮಾರಿತನ ಅಲ್ಲ. ಜನಾಂಗ ದ್ವೇಷವೂ ಅಲ್ಲ, ನನ್ನ ವಿಷಯದಲ್ಲಂತೂ ಅಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ವರ್ಗ ಆದಾಗಲೆಲ್ಲ ಬಾಡಿಗೆ ಮನೆ ಹುಡುಕೋಕೆ ಹೋಗುತ್ತಿದ್ದೆವು. ಮನೆ ತೋರಿಸಿ, ಬಾಡಿಗೆ ಹೇಳಿ, ಕೊನೆಗೆ ಮನೆ ಒಡತಿ ದನಿ ತಗ್ಗಿಸಿ "ನೀವು ಯಾವ ಪೈಕಿ?" ಅನ್ನುತ್ತಿದ್ದರು. ಅಪ್ಪನ ಮುಖ ಹೇಗಾಗುತ್ತಿತ್ತು ಅಂತ ನನಗೆ ಈಗಲೂ ನೆನಪಿದೆ. ನಾವು ವಾಪಸ್ ಬರುತ್ತಿದ್ದೆವು. ಅಂಥ ಮನೆಯಲ್ಲಿ ಬೆಳೆದವಳು ನಾನು, ಒಬ್ಬ ಮನುಷ್ಯನ ಮುಖಕ್ಕೆ ಮುಖ ಕೊಟ್ಟು "ನೀವು ಅಬಾರಿಜಿನಲ್ ಮೂಲದವರಾ?" ಅಂತ ಕೇಳಲಾ? ನಾಲಿಗೆಯೇ ಏಳುತ್ತಿರಲಿಲ್ಲ. ಮೇಲ್ಜಾತಿಯಲ್ಲಿ ಹುಟ್ಟಿದ ನನ್ನ ಗೆಳತಿ ನರ್ಸಿಗೂ ಇದೇ ತೊಂದರೆ, ಅವಳದ್ದು ಬೇರೆ ಬಗೆಯ ಮುಜುಗರ, ಅಜ್ಜಿ ಬಾಯಲ್ಲಿ ಆ ಪ್ರಶ್ನೆ ಕೇಳಿ ಕೇಳಿ ನಾಚಿಕೆಪಟ್ಟವಳದ್ದು. ಹೀಗಾಗಿ ನಾವೇನು ಮಾಡುತ್ತೇವೆ ಗೊತ್ತಾ? ಮುಖ ನೋಡಿ ಅಂದಾಜು ಮಾಡುತ್ತೇವೆ. ಕಪ್ಪಗಿದ್ದರೆ ಟಿಕ್ ಹಾಕುತ್ತೇವೆ, ಬೆಳ್ಳಗಿದ್ದರೆ ಬಿಡುತ್ತೇವೆ. ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿದೆಯಾ?

ಬಾಡಿಗೆ ಮನೆ ಬಾಗಿಲಲ್ಲಿ ಆ ಪ್ರಶ್ನೆ ಕೇಳಿ ನಮ್ಮನ್ನು ವಾಪಸ್ ಕಳಿಸುತ್ತಿದ್ದರು. ಇಲ್ಲಿ ನಾವು ಕೇಳದೆ ವಾಪಸ್ ಕಳಿಸುತ್ತಿದ್ದೇವೆ.

ಕೇಳಿದಾಗ ಎಲ್ಲರೂ ಖುಷಿಯಿಂದ ಹೇಳುತ್ತಾರೆ ಅಂತಲೂ ಇಲ್ಲ, ಅದನ್ನೂ ತಿಳಿದಿರಿ. ಈ ದೇಶದ ಜನಸಂಖ್ಯೆ ಎಣಿಸುವಾಗ ಅಬಾರಿಜಿನಲ್ ಜನರನ್ನು ಸೇರಿಸಬಾರದು ಅಂತ ಸಂವಿಧಾನದಲ್ಲೇ ಬರೆದಿತ್ತು, ಅದನ್ನು ತೆಗೆದದ್ದು 1967ರ ಜನಮತದಲ್ಲಿ. ಸುಮಾರು 1910ರಿಂದ 1970ರವರೆಗೆ ಅವರ ಮಕ್ಕಳನ್ನು ಸರ್ಕಾರದವರು, ಚರ್ಚಿನವರು ಮನೆಯಿಂದ ಎತ್ತಿಕೊಂಡು ಹೋಗುತ್ತಿದ್ದರು. ಸಂಸತ್ತಿನಲ್ಲಿ ಪ್ರಧಾನಿ ಕೆವಿನ್ ರಡ್ ಅದಕ್ಕೆ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು, ಮೊನ್ನೆ ಮೊನ್ನೆ. ಐವತ್ತು, ಅರವತ್ತು ದಾಟಿದವರ ಅಮ್ಮನೋ ಅಜ್ಜಿಯೋ "ಫಾರ್ಮ್ ಹಿಡಿದುಕೊಂಡು ಬಂದವರಿಗೆ ನಾವು ಯಾರು ಅಂತ ಹೇಳಬೇಡ" ಅಂತ ಕಲಿಸಿರುತ್ತಾರೆ. ಯಾರಾದರೂ "ಯಾಕೆ ಕೇಳ್ತೀರಿ?" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅದು ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ಹತ್ತಿರ ರೆಡಿ ಇರಬೇಕು.

ನಾನು ಈಗ ಹೇಗೆ ಕೇಳುತ್ತೇನೆ ಅಂತ ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. "ಎಲ್ಲರಿಗೂ ಕೇಳುವ ಪ್ರಶ್ನೆ ಇದು. ನೀವು ಅಬಾರಿಜಿನಲ್ ಅಥವಾ ಟಾರೆಸ್ ದ್ವೀಪದ ಮೂಲದವರಾ? ಹೌದು ಅಂದರೆ ಕೆಲವು ಲಸಿಕೆ, ಚೆಕಪ್ ಬೇಗ ಸಿಗುತ್ತವೆ." ಅಷ್ಟೇ. ಎಲ್ಲರಿಗೂ ಅಂದರೆ ಎಲ್ಲರಿಗೂ, ನಮ್ಮ ಸರ್ದಾರ್‌ಜಿ ಟ್ಯಾಕ್ಸಿ ಡ್ರೈವರಿಗೂ ಕೇಳುತ್ತೇನೆ, ಅವರು ನಕ್ಕು "ಇಲ್ಲ ಸಿಸ್ಟರ್, ಜಲಂಧರ್" ಅನ್ನುತ್ತಾರೆ. ಪುರಾವೆ ಕೇಳಬೇಡಿ, ಕ್ಲಿನಿಕ್ಕಿನಲ್ಲಿ ಅವರು ಹೇಳಿದ್ದೇ ಸಾಕು. "ಅರ್ಧನಾ, ಕಾಲಾ?" ಅಂತ ಅಪ್ಪಿತಪ್ಪಿಯೂ ಕೇಳಬೇಡಿ. ಇಲ್ಲ ಅಂದವರನ್ನು ಒತ್ತಾಯಿಸಬೇಡಿ, ಮುಂದೊಂದು ದಿನ ಅವರೇ ಹೇಳಬಹುದು. ಹಿರಿಯರನ್ನು ಆಂಟಿ, ಅಂಕಲ್ ಅನ್ನುವ ಪದ್ಧತಿ ಅವರಲ್ಲೂ ಇದೆ, ಕೇಳಿ ನಮಗೆ ಮನೆಯ ಹಾಗೆ ಅನ್ನಿಸುತ್ತದೆ, ಆದರೆ ಅದು ಗೌರವದ ಹೆಸರು, ಅವರು ಒಪ್ಪಿದ ಮೇಲೆ ಕರೆಯಿರಿ.

ಹೌದು ಅಂದವರಿಗೆ ವರ್ಷಕ್ಕೊಮ್ಮೆ ಮಾಡುವ ಚೆಕಪ್ ಇದೆ, ಮೆಡಿಕೇರ್ ಐಟಂ 715. ಆ ದಿನವೇ ಲಸಿಕೆ ನೋಡಿಬಿಡಿ. ಮೂರು ಸೂಜಿ ಆರು ವರ್ಷಕ್ಕೆ ಹರಡಿದರೆ ರೋಗಿಗೂ ನೆನಪಿರುವುದಿಲ್ಲ, ನಮಗೂ ಇರುವುದಿಲ್ಲ. ರಿಮೈಂಡರ್ ಹಾಕಿ. ನಿಮ್ಮೂರಿನಲ್ಲಿ ಅಬಾರಿಜಿನಲ್ ಸಮುದಾಯವೇ ನಡೆಸುವ ಹೆಲ್ತ್ ಸರ್ವಿಸ್ ಇದ್ದರೆ ಒಮ್ಮೆ ಹೋಗಿ ಬನ್ನಿ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೊದಲನೆಯದು ಶುರುವಾಯಿತು, ಈಗ ದೇಶದಲ್ಲಿ 140ಕ್ಕೂ ಹೆಚ್ಚಿವೆ. ಅವರು ಈ ಪ್ರಶ್ನೆ ಹೇಗೆ ಕೇಳುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿ. ನಾನು ಕಲಿತದ್ದು ಅಲ್ಲೇ.

ಕ್ಲಿನಿಕ್ ನಡೆಸುವವರಿಗೂ ಒಂದು ಮಾತು, ನಿಮ್ಮಲ್ಲೂ ಕನ್ನಡಿಗರಿದ್ದೀರಿ. ಆ ಜಾಗ ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹೋಗಲು ಬಿಡುವುದನ್ನು ನಿಲ್ಲಿಸಿ. ರಿಸೆಪ್ಷನ್ನಿನ ಹುಡುಗಿಗೆ ಫಾರ್ಮ್ ಕೊಟ್ಟರೆ ಸಾಲದು, ಯಾಕೆ ಕೇಳಬೇಕು ಅಂತ ಹತ್ತು ನಿಮಿಷ ಕೂತು ಹೇಳಿ. ಕೌಂಟರಿನಲ್ಲಿ ಹತ್ತು ಜನರ ಎದುರು ಕೂಗಿ ಕೇಳುವ ಹಾಗಾಗಬಾರದು.

ನಾವು ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಾಗ ಏನು ಮಾಡುತ್ತೇವೆ? ಇಲ್ಲಿ ಚಳಿ ಜಾಸ್ತಿ ಅಂತ ಮೊದಲ ವಾರದಲ್ಲೇ ನಿಮೋನಿಯಾ ಇಂಜೆಕ್ಷನ್ ಹಾಕಿಸುತ್ತೇವೆ. ಅವರಿಗೆ ಮೆಡಿಕೇರ್ ಇಲ್ಲ, ನೂರು ಡಾಲರಿಗೂ ಜಾಸ್ತಿ ಕೊಟ್ಟು ಹಾಕಿಸುತ್ತೇವೆ. ನಾನೂ ಅಮ್ಮನಿಗೆ ಹಾಕಿಸಿದ್ದೆ, ಆ ಲಾರಿ ಡ್ರೈವರ್ ಆಸ್ಪತ್ರೆ ಸೇರಿದ ವರ್ಷವೇ. ಲಸಿಕೆ ತೆಗೆದದ್ದು ಅದೇ ಫ್ರಿಜ್ಜಿನಿಂದ. ಆ ಡ್ರೈವರಿಗೆ ಸಿಗಬೇಕಾಗಿದ್ದದ್ದು ಪುಕ್ಕಟೆ, ಪಕ್ಕದ ಟ್ರೇನಲ್ಲಿ ಇತ್ತು.

ಅವರು ಗುಣವಾಗಿ ಬಂದಮೇಲೆ ನಾನು ಕ್ಷಮೆ ಕೇಳಿದೆ. ಅವರೇನೂ ಸಿಟ್ಟಾಗಲಿಲ್ಲ, "ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದರು. ಆಮೇಲೆ "ನಿನ್ನ ಮಾಬ್ ಯಾರು?" ಅಂದರು. ಮಾಬ್ ಅಂದರೆ ಅವರ ಮಾತಿನಲ್ಲಿ ನಮ್ಮ ಜನ, ನಮ್ಮ ಕಡೆಯವರು. ಯಾವ ಪೈಕಿ ಅನ್ನೋದಕ್ಕೆ ಎಷ್ಟು ಹತ್ತಿರ ನೋಡಿ, ಆದರೆ ಅವರು ಕೇಳಿದಾಗ ನನಗೆ ಅಪ್ಪನ ಮುಖ ನೆನಪಾಗಲಿಲ್ಲ. ಹರಿಹರ, ತುಂಗಭದ್ರೆ, ನಮ್ಮ ಕೇರಿ, ಎಲ್ಲ ಹೇಳಿದೆ. ಅವರು ತಮ್ಮ ಅಜ್ಜಿಯ ನದಿಯ ಹೆಸರು ಹೇಳಿದರು. ಮೊದಲ ಸೂಜಿ ಅವತ್ತೇ ಹಾಕಿದೆ. ಎರಡನೆಯದೂ ಆಗಿದೆ.

ಮೂರನೆಯದು ಇನ್ನೂ ಬಾಕಿ. ನಾನು ಆ ಕ್ಲಿನಿಕ್ಕಿನಲ್ಲಿ ಈಗ ಇಲ್ಲ. ಅಲ್ಲಿ ಹೊಸದಾಗಿ ಸೇರಿರುವ ಡಾಕ್ಟರು ಮೈಸೂರಿನವರಂತೆ. ಸರ್, ಇದನ್ನು ಓದುತ್ತಿದ್ದರೆ, ಸೋಮವಾರ ಬೆಳಿಗ್ಗೆ ಕಂಪ್ಯೂಟರ್‌ನಲ್ಲಿ ಐವತ್ತು ದಾಟಿದವರ ಪಟ್ಟಿ ತೆಗೆದು, ಆ ಜಾಗ ಖಾಲಿ ಇರುವವರು ಎಷ್ಟು ಜನ ಅಂತ ದಯವಿಟ್ಟು ಒಮ್ಮೆ ನೋಡಿ.

ಇಂತಿ,
ಹರಿಹರದ ಒಬ್ಬ ನರ್ಸ್